ಅಜ್ಜಿಯ ಕೆನ್ನೆಯ ಕಲೆ

ಕಳೆದ ವಾರ ಅಮ್ಮನ ಅಜ್ಜಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಶೃಂಗೇರಿಯಿಂದ ಕೊಪ್ಪಕ್ಕೆ ಬಸ್ಸಿನಲ್ಲಿ ಹೋದೆ. ಗಾಬರಿಯಾಗಬೇಡಿ, ಅಜ್ಜಿ ಫ್ರೇಮಿನೊಳಗಿದ್ದಳು. (ಟಿಕೆಟ್ ಒಂದೇ.)

ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆಯುತ್ತಿದ್ದ ಕಾಲದ್ದು. ಅಜ್ಜಿಯದೆಂದು ಇರುವುದು ಇದೊಂದೇ. ಒಳಮನೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದಾಳೆ. ಒಂದು ಕೆನ್ನೆ ಕತ್ತಲೆ. ಇನ್ನೊಂದರ ಮೇಲೆ ಓರೆ ಬೆಳಕು. ಸಿಡುಬಿನ ಗುಳಿ ಒಂದೊಂದೂ ನೆರಳು ತುಂಬಿಕೊಂಡು ಕಾಣುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮ ಅಜ್ಜಿಯ ಪಕ್ಕ ಮಲಗಿ ಆ ಗುಳಿಗಳ ಮೇಲೆ ಬೆರಳಾಡಿಸುತ್ತಾ ನಿದ್ದೆ ಹೋಗುತ್ತಿದ್ದಳಂತೆ.

ಈ ಸಲದ ಮಳೆಗೆ ಫೋಟೋದ ಅಂಚಿಗೆ ಬೂಷ್ಟು ಹಿಡಿದಿತ್ತು. ಕೆನ್ನೆಗೂ ಹಬ್ಬಿದರೆ ಏನು ಗತಿ? ಹೆದರಿ ಕೊಪ್ಪದ ಸ್ಟುಡಿಯೋಗೆ ಓಡಿದೆ. "ಕಲೆ ಎಲ್ಲ ತೆಗೆದುಕೊಡಿ" ಅಂದೆ.

ಸಂಜೆ ಹೋದಾಗ ಸ್ಟುಡಿಯೋ ಮಾಲೀಕರು ಹೊಸ ಪ್ರಿಂಟ್ ಚಾಚಿದರು. ಮುಖ ಲಕಲಕ. ಗುಳಿ ಒಂದೂ ಇಲ್ಲ.

"ಕೆನ್ನೆ ಮೇಲಿದ್ದದ್ದು?"

"ಬೂಷ್ಟಲ್ವಾ ಮೇಡಂ? ಎಲ್ಲಾ ತೆಗ್ದೆ."

"ಹಳೇದೆಲ್ಲಿ?"

ಅವರು ಡ್ರಾಯರ್ ಎಳೆದರು. ಅದನ್ನು ಮುಟ್ಟಿರಬಾರದು ದೇವರೇ!

"ಒದ್ದೆ ಹತ್ತೀಲಿ ಒರೆಸಿದ್ದಕ್ಕೆ ಸ್ವಲ್ಪ ಬಿಟ್ಕೊಂಡ್ತು ಮಾರಾಯ್ರೆ. ಹೆದರ್ಬೇಡಿ, ಕಂಪ್ಯೂಟರಲ್ಲಿ ಹೊಸ ಕೆನ್ನೆ ಕೂರ್ಸಿದೀನಿ."

ಹಳೆಯ ಫೋಟೋದಲ್ಲಿ ಕೆನ್ನೆಯ ಜಾಗ ಬರೀ ಬಿಳಿ. ಯಾರನ್ನು ಬೈಯಲಿ? ಕಲೆ ತೆಗೆಯಿರಿ ಎಂದದ್ದು ನಾನೇ ತಾನೇ? ಬೂಷ್ಟಿನದೂ ಕಲೆ, ಸಿಡುಬಿನದೂ ಕಲೆ. ಚಪ್ಪಲಿಯಿಂದ ದೇವರ ಪಟದವರೆಗೆ ಎಲ್ಲಕ್ಕೂ ಬೂಷ್ಟು ಹಿಡಿಯುವ ನಮ್ಮೂರ ಕಡೆ ಅವರಾದರೂ ಮತ್ತೇನೆಂದುಕೊಂಡಾರು?

ವಾಪಸ್ ಬರುವಾಗ ಬಸ್ಸಿನಲ್ಲಿ ಒಂದೇ ಯೋಚನೆ. ಅಮ್ಮನಿಗೆ ಯಾವ ಮುಖ ತೋರಿಸಲಿ? (ಎರಡೂ ಅರ್ಥದಲ್ಲಿ.) ಧೈರ್ಯ ಸಾಲದೆ, ಮೊದಲು ಫ್ಯಾಮಿಲಿ ಗ್ರೂಪಿಗೆ ಹೊಸ ಫೋಟೋ ಕಳಿಸಿದೆ. ಬಸ್ ಇಳಿಯುವಷ್ಟರಲ್ಲಿ ಸಾಲು ಸಾಲು ಕೈಮುಗಿತ. "ಸೂಪರ್!" "ಅಜ್ಜಿ ಎಷ್ಟು ಚಂದ ಇದ್ರು!" ಚಿಕ್ಕಮ್ಮನ ಮಗಳು ಆಗಲೇ ಡಿಪಿ ಹಾಕಿಕೊಂಡಿದ್ದಳು. ಯಾರಿಗೂ ಏನೂ ಅನ್ನಿಸಲಿಲ್ಲವಲ್ಲ ಎಂದು ಮತ್ತಷ್ಟು ಭಯವಾಯಿತು.

ಅಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಯಾರೇ ಇದು? ನಮ್ಮನೆಯವ್ರಲ್ಲ."

ಗುರುತು ಸಿಗದೇ ಹೋದದ್ದು ಅಮ್ಮನೊಬ್ಬಳಿಗೆ. ಅಜ್ಜಿಯನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದಿರುವವಳೂ ಅವಳೊಬ್ಬಳೇ.

ಅವಳೂ ಇಲ್ಲದ ಮೇಲೆ, "ಇದು ಅಜ್ಜಿಯಲ್ಲ" ಎಂದು ಹೇಳುವವರು ಯಾರು?