ಹೇನಕ್ಕ ತೊಳೆಯದ ತಟ್ಟೆ

ಏನು ಕೆಲಸ ಎಂದು ಯಾರಾದರೂ ಕೇಳಿದರೆ ಆಕೆ, "ಹೇನು ಸಾಕ್ತೀನಿ" ಎನ್ನುತ್ತಿದ್ದಳು. ಕೇಳಿದವರ ಕೈ ತಾನಾಗಿಯೇ ತಲೆಗೆ ಹೋಗುತ್ತಿತ್ತು. ಇದು ತಲೆಯ ಹೇನಲ್ಲ, ಗಿಡದ ರಸ ಹೀರುವ ಹೇನು ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದಿರುತ್ತಿದ್ದರು. ದರ್ಜಿ ಗಂಡ ಮಾತ್ರ ಗಿರಾಕಿಗಳ ಎದುರು, "ನಮ್ಮವಳು ಸಂಶೋಧನೇಲಿದಾಳೆ" ಎಂದು ಕೊರಳಿನ ಟೇಪು ಸರಿಮಾಡಿಕೊಳ್ಳುತ್ತಿದ್ದ.

ಇಪ್ಪತ್ತೆರಡು ವರ್ಷದಿಂದ ಸಂಶೋಧನಾ ಕೇಂದ್ರದ ಗಾಜಿನ ಮನೆ ಅವಳದೇ ಸಂಸಾರ. ಬೀನ್ಸ್ ಸಸಿ ಬೆಳೆಸಬೇಕು, ಅದಕ್ಕೆ ಹೇನು ಬಿಡಬೇಕು, ರೈತರ ಬೆಳೆಗೆ ಮದ್ದಾಗಲೆಂದು ಆ ಹೇನುಗಳಿಗೆ ಅವನ್ನು ಕೊಲ್ಲುವ ಬೂಷ್ಟು ಹತ್ತಿಸಬೇಕು. ಸಾಕುವವಳೂ ಅವಳೇ, ಕೊಲ್ಲಿಸುವವಳೂ ಅವಳೇ. ಊರಿಗೆಲ್ಲ ಹೇನಕ್ಕ.

ಅವಳ ಮೇಲಿದ್ದ ದೂರು ಒಂದೇ: ಬೆಂಚಿನ ಕೆಳಗಿನ ತಗಡಿನ ತಟ್ಟೆ. ಸತ್ತ ಹೇನು, ಒಣಗಿದ ಎಲೆ, ಚೆಲ್ಲಿದ ಮಣ್ಣು ಎಲ್ಲ ಅದರೊಳಗೇ. ಹೇನಕ್ಕ ಅದನ್ನು ತೊಳೆದವಳೇ ಅಲ್ಲ. ಬೇಸಿಗೆಯಲ್ಲಿ ಮಾಯವಾದ ಬೂಷ್ಟು, ತಂಪು ಬಿದ್ದೊಡನೆ ಮೊದಲು ಕಾಣಿಸುವುದು ಆ ತಟ್ಟೆಯ ಮಣ್ಣು ತಾಗಿದ ಗಿಡಗಳಲ್ಲೇ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅದನ್ನು ಹೇಳಿದಾಗ ಡಾಕ್ಟರು ನಕ್ಕಿದ್ದರು. ಅವರು ಕೇಂದ್ರದ ಮುಖ್ಯಸ್ಥರು, ಹುಳದ ಡಾಕ್ಟರು. "ನೋಡಮ್ಮ, ಬೂಷ್ಟು ಬೇಸಿಗೆ ದಾಟೋದು ನನ್ನ ಫ್ರಿಜ್‌ನಲ್ಲಿ. ಕಸದಲ್ಲಲ್ಲ." ಫ್ರಿಜ್ಜಿಗೆ ಬೀಗ, ಬೀಗದ ಕೈ ಅವರ ಸೊಂಟದಲ್ಲಿ.

ಆ ಬೇಸಿಗೆ ಅವರು ಬೂಷ್ಟಿನ ಸಂರಕ್ಷಣೆ ಕುರಿತು ಭಾಷಣ ಮಾಡಲು ಹನ್ನೆರಡು ದಿನ ಪರವೂರಿಗೆ ಹೋದರು. "ಹೊರಡುವಾಗ ಎಲ್ಲ ಸ್ವಿಚ್ ಆರಿಸಿ" ಎಂಬ ಸುತ್ತೋಲೆ ಹೊರಡಿಸಿದ್ದವರು ಅವರೇ. ಶಿಸ್ತಿನ ಮನುಷ್ಯ, ತಪ್ಪದೆ ಪಾಲಿಸಿದರು. ಬಂದು ಬಾಗಿಲು ತೆಗೆದರೆ ಫ್ರಿಜ್ಜಿನ ವಾಸನೆಗೆ ಮೂಗು ಮುಚ್ಚಿಕೊಳ್ಳಬೇಕಾಯಿತು; ಕಾದಿಟ್ಟ ಬೂಷ್ಟೆಲ್ಲ ಕೆಟ್ಟುಹೋಗಿತ್ತು.

ಅದೇ ವಾರ ಪತ್ರ ಬಂತು. ಒಂದು ತಿಂಗಳಲ್ಲಿ ತಪಾಸಣೆಯವರು ಬರುತ್ತಾರೆ, ಬೂಷ್ಟು ಇಲ್ಲದಿದ್ದರೆ ಗಾಜಿನ ಮನೆ ಮುಚ್ಚುತ್ತಾರೆ. ಹೇನಕ್ಕನಿಗೆ ಬೀಜದ ಗೋದಾಮು, ಚೀಲ ಹೊಲಿಯುವ ಕೆಲಸ.

"ಮನೇಲಿ ಒಬ್ಬ ಹೊಲಿಯೋದು ಸಾಲದಾ?" ಎಂದಳು ಗಂಡನಿಗೆ.

ಡಾಕ್ಟರು ಸೋತ ದನಿಯಲ್ಲಿ, "ಎಲ್ಲಾ ತೊಳ್ದುಬಿಡಮ್ಮ. ಶುಚಿಯಾದ್ರೂ ಕಾಣ್ಲಿ" ಎಂದರು.

"ಬೆಂಚು ತೊಳೀತೀನಿ ಸರ್. ತಟ್ಟೆ ಮುಟ್ಟಲ್ಲ."

"ಹಠ ಯಾಕೆ?"

"ನಿಮ್ಮ ಫ್ರಿಜ್ ತೊಳೆದದ್ದು ಸಾಲ್ದಾ?"

ಡಾಕ್ಟರು ಕನ್ನಡಕ ಒರೆಸಿಕೊಂಡರು.

ಮೋಡ ಕವಿದು ಹವೆ ತಂಪಾದ ದಿನ ಹೇನಕ್ಕ ತಟ್ಟೆಯ ಮಣ್ಣಿಗೆ ನೀರು ಚಿಮುಕಿಸಿ, ಹೇನು ತುಂಬಿದ ಎಳೆಯ ಸಸಿಗಳನ್ನು ಅದರೊಳಗಿಟ್ಟು, ಗಂಡನ ಅಂಗಡಿಯ ಬಟ್ಟೆ ತುಂಡುಗಳನ್ನು ಒದ್ದೆ ಮಾಡಿ ಸುತ್ತ ಹೊದಿಸಿದಳು. ಒಂದು ವಾರ ಏನೂ ಇಲ್ಲ. ಹೇನುಗಳು ಮದುವೆ ಮನೆಗೆ ಬಂದವರಂತೆ ತಿಂದುಂಡು ಮೈ ಬೆಳೆಸಿದವು. ಹೇನಕ್ಕನಿಗೆ ಗೋಣಿದಾರದ ಕನಸು ಬೀಳತೊಡಗಿತು.

ಹನ್ನೊಂದನೆಯ ದಿನ ಕೆಳಗಿನ ಎಲೆಯಲ್ಲಿ ಒಂದು ಹೇನು ಕಂದು ಬಣ್ಣಕ್ಕೆ ತಿರುಗಿ ಸತ್ತು ಅಂಟಿಕೊಂಡಿತ್ತು, ಮೈತುಂಬ ನವಿರಾದ ಬಿಳಿ ಬೂಷ್ಟು. ಮರುದಿನ ನಲವತ್ತು.

ಡಾಕ್ಟರು ತಟ್ಟೆಯ ಚಿಟಿಕೆ ಮಣ್ಣನ್ನು ಸೂಕ್ಷ್ಮದರ್ಶಕದಲ್ಲಿಟ್ಟು ಬಹಳ ಹೊತ್ತು ಬಾಗಿದ್ದರು. "ಸತ್ತ ಹೇನಿನ ಹೊಟ್ಟೇಲೇ ಆದ ಬೂಷ್ಟಿನ ಬೀಜಕಣ. ದಪ್ಪ ಗೋಡೆ! ಬೇಸಿಗೆಯೆಲ್ಲ ಮಣ್ಣಲ್ಲಿ ಮಲಗಿ, ತಂಪಾದ ಮೇಲೆ ಎದ್ದಿದೆ!"

"ಗೋಡೆ ದಪ್ಪ ಅಂತ ನಂಗೆ ಗೊತ್ತಿರ್ಲಿಲ್ಲ ಸರ್. ಮಿಕ್ಕಿದ್ದು ಗೊತ್ತಿತ್ತು."

ತಪಾಸಣೆಯವರಿಗೆ ಡಾಕ್ಟರು ಆ ತಟ್ಟೆಯ ಮುಂದೆ ನಿಂತು, ಅದನ್ನು ತಾವೇ ಹೆತ್ತಂತೆ ಮುಕ್ಕಾಲು ಗಂಟೆ ಮಾತಾಡಿದರು. ಗಾಜಿನ ಮನೆ ಉಳಿಯಿತು. ಫ್ರಿಜ್ಜಿನ ಬೀಗ ಈಗ ಗಾಜಿನ ಮನೆಯ ಬಾಗಿಲಿಗೆ ಬಂತು, ಬೀಗದ ಕೈ ಹೇನಕ್ಕನ ಸೊಂಟಕ್ಕೆ.

ಮರುದಿನ ಡಾಕ್ಟರು ಒಂಬತ್ತಕ್ಕೇ ಬಂದು ಬಾಗಿಲಲ್ಲಿ ಕಾಯುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೇನಕ್ಕ ಹತ್ತು ನಿಮಿಷ ತಡವಾಗಿ ಬಂದಳು.