ರೇಡಿಯೊದಲ್ಲಿ ಪಿಟೀಲು, ಗೇಟಿನಲ್ಲಿ ಪಿಟೀಲಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಅಡುಗೆಮನೆಯಲ್ಲಿ ಪಿಟೀಲಮ್ಮ ಸ್ಟೂಲಿನ ಮೇಲೆ ಕೂತು ಕಮಾನು ಎಳೆಯುತ್ತಿದ್ದಾರೆ. ತಂತಿಗಳ ನಡುವೆ ಸಿಕ್ಕಿಸಿದ ರಬ್ಬರಿನ ತುಂಡು ನಾದವನ್ನು ಅಮುಕಿ ಹಿಡಿದಿದೆ. ಪಕ್ಕದ ಮನೆಯವರಿಗೆ ಸೊಳ್ಳೆ ಗುಂಯ್‌ಗುಟ್ಟಿದಷ್ಟೂ ಕೇಳಿಸದು. "ಮುಷ್ಕರ ಅಂತ ಕೈಗೂ ರಜೆ ಕೊಟ್ರೆ, ನಾಳೆ ಒಳಗೆ ಕರೆದಾಗ ಬೆರಳು ನನ್ನ ಮಾತು ಕೇಳಲ್ಲ" ಎನ್ನುತ್ತಾರೆ. ಆಮೇಲೆ ದನಿ ತಗ್ಗಿಸಿ, "ಕರೆದ್ರೆ" ಎಂದು ಸೇರಿಸುತ್ತಾರೆ.

ರೇಡಿಯೊ ನಿಲಯದ ವಾದ್ಯವೃಂದದಲ್ಲಿ ಅವರದು ಇಪ್ಪತ್ತೆರಡು ವರ್ಷಗಳಿಂದ ಹಿಂದಿನ ಸಾಲಿನ ಕುರ್ಚಿ. ಊರಿನ ಅರ್ಧ ಜನ ಆ ಪಿಟೀಲು ಕೇಳಿಯೇ ಹಾಸಿಗೆ ಬಿಟ್ಟೇಳುತ್ತಾರೆ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತರೂ ಯಾರಿಗೂ ಗುರುತಿಲ್ಲ. ಮನೆಯಲ್ಲಿ ಪಾರ್ಶ್ವವಾಯು ಬಡಿದ ತಾಯಿ, ಮದುವೆಯಾಗದ ತಮ್ಮ. ತಮ್ಮನದೂ ಅದೇ ನಿಲಯ. ನಿಯಂತ್ರಣ ಕೊಠಡಿಯಲ್ಲಿ ಟೇಪು ಹಾಕುವ ಕೆಲಸ.

ಹಳೆಯ ಧ್ವನಿಮುದ್ರಣಗಳೇ ಬೇಕಾದಷ್ಟಿವೆ, ಇನ್ನು ದಿನವೂ ವಾದ್ಯವೃಂದ ಬೇಡ ಎಂದು ಆಡಳಿತ ಹೇಳಿದ್ದು ಕಳೆದ ತಿಂಗಳು. ನಮ್ಮ ಟೇಪು ಹಾಕುವ ಮುಂಚೆ ನಮ್ಮನ್ನು ಕೇಳಿ, ಹಾಕಿದರೆ ಅದು ಟೇಪೆಂದು ಕೇಳುಗರಿಗೆ ಹೇಳಿ, ನೇರ ವಾದನ ನಿಲ್ಲಿಸಬೇಡಿ ಎಂದಿತು ವಾದ್ಯಗಾರರ ಸಂಘ. ಮಾತುಕತೆ ಮುರಿದುಬಿತ್ತು. ಅಂದಿನಿಂದ ವಾದ್ಯಗಾರರೆಲ್ಲ ಮುಷ್ಕರ ಹೂಡಿ ನಿಲಯದ ಗೇಟಿನ ಮುಂದೆ. ತಮ್ಮನಾದರೋ ಸಂಘದವನಲ್ಲ, ಅಕ್ಕನೆದುರೇ ತಲೆ ತಗ್ಗಿಸಿ ಒಳಗೆ ಹೋಗುತ್ತಾನೆ.

"ಅವನು ಒಳಗೆ ನನ್ನನ್ನೇ ಹಾಕ್ತಾನೆ, ನಾನು ಹೊರಗೆ ನಿಂತು ನನ್ನನ್ನೇ ಬೇಡ ಅಂತ ಕೂಗ್ತೀನಿ" ಎಂದು ಪಿಟೀಲಮ್ಮ ನಗುತ್ತಾರೆ. ಆ ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ಹೋದ ಸೋಮವಾರ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ದು, ಗೇಟಿಗೆ ಬರುವುದು ತಡವಾಯಿತು. ಅಷ್ಟರಲ್ಲಿ ಗೇಟಿನೆದುರಿನ ಟೀ ಅಂಗಡಿಯ ರೇಡಿಯೊದಲ್ಲಿ, ಟೇಪೆಂಬ ಮಾತಿಲ್ಲದೆ, "ಈಗ ಪಿಟೀಲು ವಾದನ" ಎಂದಷ್ಟೇ ಹೇಳಿ ಒಂಟಿ ಪಿಟೀಲು ಹಾಕಿದ್ದರು. ಕೈ ಯಾರದೆಂದು ಜೊತೆಯವರಿಗೆ ಗೊತ್ತಾಗದೆ ಇದ್ದೀತೇ? ಪಿಟೀಲಮ್ಮ ಬಂದಾಗ ಬೆಂಚಿನಲ್ಲಿ ಒಬ್ಬರೂ ಸರಿದು ಜಾಗ ಬಿಡಲಿಲ್ಲ.

"ಹಿಂದಿನ ಬಾಗಿಲಿಂದ ಹೋಗಿ ಬಂದ್ರೇನಮ್ಮ?" ಎಂದರು ಕೊಳಲಿನವರು.

"ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ."

"ಹಾಗಾದ್ರೆ ರೇಡಿಯೊದಲ್ಲಿ ನುಡಿಸಿದ್ದು ಯಾರು?"

"ನಾನೇ. ಆದ್ರೆ ಇವತ್ತಲ್ಲ."

ಸಂಜೆಯವರೆಗೆ ಪಿಟೀಲಮ್ಮ ಗೋಡೆಗೊರಗಿ ಒಂಟಿಯಾಗಿ ನಿಂತರು. "ಬೈದಿದ್ರೆ ವಾಸಿ ಇತ್ತು. ಇಪ್ಪತ್ತೆರಡು ವರ್ಷ ಜೊತೆಗೆ ಕೂತವರು ಮುಖ ತಿರುಗಿಸಿದಾಗ, ನನಗೇ ನನ್ನ ಮೇಲೆ ಅನುಮಾನ ಬಂದ್ಬಿಡ್ತು" ಎಂದು ನೆನೆಯುತ್ತಾರೆ.

ಮನೆಯಲ್ಲಿ ವಿಷಯ ತಿಳಿದ ತಮ್ಮ, "ನಾನೇ ಬಂದು ಟೇಪು ಅಂತ ಹೇಳ್ಲಾ ಅಕ್ಕ?" ಎಂದ.

"ಬೇಡ. ಗೇಟಿಗೆ ಬಂದು ಬಾಯಿ ಬಿಟ್ರೆ ನಿನ್ನ ಕೆಲ್ಸಾನೂ ಹೋಗುತ್ತೆ. ಅಮ್ಮನಿಗೆ ಈಗ ನೀನೊಬ್ಬನೇ ದಿಕ್ಕು."

ಅವನು ಊಟ ಮುಗಿಸಿ ಎದ್ದ.

ಮಂಗಳವಾರ ಬೆಳಿಗ್ಗೆ ಅದೇ ಹೊತ್ತು. ನಿಗದಿಯಾಗಿದ್ದದ್ದು ಹಾಡುಗಾರಿಕೆ, ಟೀ ಅಂಗಡಿಯ ರೇಡಿಯೊದಲ್ಲಿ ಕೇಳಿಸಿದ್ದು ನಿನ್ನೆಯದೇ ಪಿಟೀಲು. ಗೇಟಿನಲ್ಲಿದ್ದವರೆಲ್ಲರ ಕತ್ತು ಒಮ್ಮೆಲೇ ಗೋಡೆಯ ಕಡೆ ತಿರುಗಿತು. ಪಿಟೀಲಮ್ಮ ಬರಿಗೈಯಲ್ಲಿ ಅಲ್ಲೇ ನಿಂತಿದ್ದರು.

"ಒಂದೇ ಸಲ ಎರಡು ಕಡೆ ಇರೋಕೆ ಇವ್ರೇನು ದೆವ್ವಾನಾ?" ಎಂದರು ಡ್ರಮ್ಮಿನವರು. ಕೊಳಲಿನವರು ನಗಲಿಲ್ಲ. ಬೆಂಚಿನಿಂದ ಎದ್ದೇಬಿಟ್ಟು, "ಕೂತ್ಕೊಳ್ಳಿ ಅಮ್ಮ" ಎಂದರು. ಕೂರಲು ಪಿಟೀಲಮ್ಮನಿಗೆ ಮನಸ್ಸಾಗಲಿಲ್ಲ. ಅವರ ಕಣ್ಣು ನಿಯಂತ್ರಣ ಕೊಠಡಿಯ ಕಿಟಕಿಯ ಮೇಲಿತ್ತು. ಟೇಪು ನಡುವೆಯೇ ನಿಂತಿತು.

ಕೈತಪ್ಪಿನಿಂದ ಆಯಿತೆಂದು ತಮ್ಮ ಹೇಳಬಹುದಿತ್ತು. ಬೇಕೆಂದೇ ಹಾಕಿದೆ ಎಂದು ಮೇಲಿನವರ ಮುಂದೆ ಒಪ್ಪಿಕೊಂಡಿದ್ದಾನೆ. "ಪೇಪರಿನಲ್ಲೂ ಬರೀಲಿ ಬಿಡಿ, ಮುಚ್ಚಿಡೋದು ಏನಿದೆ" ಎನ್ನುತ್ತಾನೆ. ಅವನನ್ನು ಕೆಲಸದಿಂದ ದೂರ ಇಟ್ಟಿದ್ದಾರೆ. ಅವನ ಮೇಲಿನ ತೀರ್ಮಾನವೂ ಸಂಘದೊಡನೆ ಹೊಸ ಮಾತುಕತೆಯೂ ಬರುವ ವಾರವೇ. ಫೋನು ರಿಂಗಾದರೆ ಮನೆಯಲ್ಲಿ ಮೂವರೂ ಅದರ ಕಡೆಗೇ ನೋಡುತ್ತಾರೆ. ಎತ್ತಲು ಯಾರೂ ಮುಂದಾಗುವುದಿಲ್ಲ.

"ಟೇಪಿನ ಮೇಲೆ ನನಗೇನೂ ಹಗೆ ಇಲ್ಲ. ಅದರಲ್ಲಿರೋದೂ ನಾನೇ ಅಲ್ವಾ? ಟೇಪು ಅಂತ ಒಂದು ಮಾತು ಹೇಳಿ ಹಾಕ್ಲಿ, ಅಷ್ಟೇ" ಎನ್ನುತ್ತಾ ಪಿಟೀಲಮ್ಮ ಚಪ್ಪಲಿ ಮೆಟ್ಟುತ್ತಾರೆ. ಗೇಟಿಗೆ ಹೊತ್ತಾಯಿತು. ಬಾಗಿಲಲ್ಲಿ ನಿಂತು, ಒಳಗೆ ತಾಯಿಗೆ ಗಂಜಿ ಕುಡಿಸುತ್ತಿರುವ ತಮ್ಮನ ಕಡೆ ನೋಡುತ್ತಾರೆ.

"ತಾಳ ನಿಲ್ಲಲ್ಲ ಅಂತ ಚಿಕ್ಕಂದಿನಲ್ಲಿ ಅಪ್ಪ ಇವನ ಕೈಯಿಂದ ಪಿಟೀಲು ಕಿತ್ಕೊಂಡಿದ್ರು. ಮೊನ್ನೆ ಟೇಪು ಹಾಕಿದಾಗ ನೋಡಿ, ಎಷ್ಟು ಸರಿಯಾದ ಜಾಗಕ್ಕೆ ಬಂದ."