ಮೆತ್ತಗಿನ ಗಿರಮಿಟ್

ಗಿರಮಿಟ್ ಕಲಸಿದ ಕೂಡಲೇ ತಿನ್ನಬೇಕು. ಈರುಳ್ಳಿ, ಹುಣಸೆಹುಳಿ, ಬೆಲ್ಲದ ಗೊಜ್ಜು ಚುರುಮುರಿಗೆ ಬಿದ್ದು, ಮೇಲೆ ಪುಟಾಣಿ ಹಿಟ್ಟು ಉದುರಿತೆಂದರೆ ಮುಗಿಯಿತು, ಮಾತಾಡುತ್ತ ನಿಂತರೆ ಕೆಟ್ಟಿತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಗ್ಯಾರೇಜು ಇಟ್ಟಿದ್ದ ಅಪ್ಪ ನನ್ನನ್ನು ಗಿರಮಿಟ್ ಬಂಡಿಯ ಮುಂದೆ ನಿಲ್ಲಿಸಿ, ಕೈಗೆ ಪೊಟ್ಟಣ ಕೊಟ್ಟು, "ಲಗೂ ತಿನ್ನವಾ, ಮೆತ್ತಗಾಗ್ತೈತಿ" ಎನ್ನುತ್ತಿದ್ದ. ಅಷ್ಟು ಕಲಿತೇ ನಾನು ಧಾರವಾಡದ ಮಾಳಮಡ್ಡಿಗೆ ಸೊಸೆಯಾಗಿ ಬಂದದ್ದು.

ಇಲ್ಲಿಯ ನೇಮವೇ ಬೇರೆ. ಮಾವ ಹತ್ತಿ ವ್ಯಾಪಾರ ಮಾಡಿದವರು. ದಿನಾ ಸಂಜೆ ಓಣಿಯ ಗಿರಮಿಟ್ ಬಂಡಿಯ ಮುಂದೆ ನಿಂತು ತಾವು ತಿನ್ನುವರು, ನಮಗೆ ಪಾರ್ಸೆಲ್ ಕಟ್ಟಿಸುವರು, ಆಮೇಲೆ ಗೆಳೆಯರಿಗೆ ಮೊಬೈಲಿನಲ್ಲಿ ಹತ್ತಿಯ ದರ ತೋರಿಸುತ್ತ ಅರ್ಧ ತಾಸು ಹರಟುವರು. "ನಮ್ಮ ಮನಿ ಹೆಣ್ಮಕ್ಕಳು ಓಣ್ಯಾಗ ನಿಂತು ತಿನ್ನೂದಿಲ್ಲ" ಎಂಬುದು ಅವರ ಮಾತು. ಮೊದಲ ಸಂಜೆ ಪೊಟ್ಟಣ ಬಿಚ್ಚಿದರೆ, ಅಯ್ಯ, ಗಂಜಿ! ಜೊತೆಗಿದ್ದ ಮಿರ್ಚಿ ಭಜಿ ಒದ್ದೆ ಅರಿವೆಯಂತೆ ಜೋತುಬಿದ್ದಿತ್ತು. ಅತ್ತೆ ಮಾತ್ರ ಚಮಚ ಹಾಕಿಕೊಂಡು ಸಮಾಧಾನವಾಗಿ ತಿನ್ನುತ್ತಿದ್ದರು.

"ಅತ್ತಿಯಾರ, ಇದು ಕೆಟ್ಟೈತ್ರಿ."

"ಏನ್ ಕೆಟ್ಟೈತಿ? ಗಿರಮಿಟ್ ಹಿಂಗ ಇರತೈತಿ, ಸುಸಲಾ ಇದ್ದಂಗ."

ಸುಸಲಾ ಎಂದರೆ ಚುರುಮುರಿಯನ್ನು ನೀರಲ್ಲಿ ನೆನೆಸಿ, ಹಿಂಡಿ, ಒಗ್ಗರಣೆ ಕೊಡುವ ತಿಂಡಿ. ಅದು ಮೆತ್ತಗೇ ಇರಬೇಕು. ನಲವತ್ತು ವರ್ಷ ಸಂಸಾರ ಮಾಡಿದ ಈ ಹೆಂಗಸು ಗಿರಮಿಟ್ಟೂ ಹಾಗೆಯೇ ಎಂದು ನಂಬಿದ್ದರು! ನನಗೆ ನಗು ಬಂತು, ಅದರ ಬೆನ್ನಿಗೇ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

"ಗಿರಮಿಟ್ ಕುರುಕುರು ಅಂತೈತ್ರಿ. ನಾಳೆ ನಡ್ರಿ, ತೋರಸ್ತೇನಿ."

"ಅವರು ಸುಮ್ಮನ ಬಿಡ್ತಾರೇನು?" ಎಂದರು ಅತ್ತೆ. ಆದರೆ ಒಲ್ಲೆ ಎನ್ನಲಿಲ್ಲ. ನನಗೆ ಅಷ್ಟೇ ಸಾಕಿತ್ತು.

ಮರುದಿನ ಸಂಜೆ ಇಬ್ಬರೂ ಹೋದೆವು. ಬಂಡಿಯವನು ಗಾಬರಿಯಾಗಿ, "ಪಾರ್ಸೆಲ್ ಏನ್ರಿ ಅಕ್ಕಾರ?" ಎಂದ.

"ಇಲ್ಲೇ ತಿಂತೇವಿ."

ಗಂಡಸರ ಸಾಲಿನಲ್ಲಿದ್ದ ಮಾವನ ಕೈಯೊಳಗಿನ ಮಿರ್ಚಿ ಅರ್ಧಕ್ಕೇ ನಿಂತಿತು. "ಇದೇನಿದು? ಮನಿಗೆ ನಡೀರಿ. ಮಂದಿ ಏನಂದಾರು?"

"ಮಂದಿ ಬಾಯಿ ತುಂಬ ಚುರುಮುರಿ ಐತ್ರಿ ಮಾವಾರ, ಏನೂ ಅನ್ನೂದಿಲ್ಲ," ಎಂದೆ.

ಅತ್ತೆಯ ಕಾಲು ಆಗಲೇ ಮನೆಯ ಕಡೆ ತಿರುಗಿತ್ತು. ಈಗ ಹೋದರೆ ಇವರು ಇನ್ನೆಂದೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಂಡಿಯವನು ಕಲಸಿ ಕೊಟ್ಟ ಪೊಟ್ಟಣವನ್ನು ಅವರ ಕೈಗೆ ತುರುಕಿದೆ. "ಒಂದ ಒಂದು ತುತ್ತು, ಅತ್ತಿಯಾರ."

ಸೆರಗು ಸರಿಮಾಡಿಕೊಂಡು ಬಾಯಿಗೆ ಹಾಕಿಕೊಂಡರು. ಕುರುಂ ಅಂತು. ಜಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಇನ್ನೊಂದು ತುತ್ತು ಹಾಕಿಕೊಂಡರು. ಆಮೇಲೆ ಮಾವನ ಕಡೆ ತಿರುಗಿದರು.

"ಏನ್ರೀ, ನೀವು ದಿನಾ ಇಂಥಾದ್ದು ತಿಂದು ನನಗ ಅಂಥಾದ್ದು ತರತಿದ್ರೇನು?"

"ಹಂಗಲ್ಲ... ತಡಾ ಆದ್ರ ಮೆತ್ತಗಾಗತೈತಿ..."

"ಅಂದ್ರ ಗೊತ್ತಿತ್ತು!"

ಅತ್ತೆ ಬಂಡಿಯವನ ತಟ್ಟೆಯಿಂದ ಹಸಿಮೆಣಸಿನಕಾಯಿ ಒಂದನ್ನು ತಾವೇ ಎತ್ತಿ ಕಚ್ಚಿದರು. "ನೀವು ನಡೀರಿ. ನಂದಿನ್ನೂ ಮುಗದಿಲ್ಲ," ಎಂದರು.

ಮರುದಿನ ಮಾವ ಮುನಿಸಿಕೊಂಡು ಮನೆಯಲ್ಲೇ ಕೂತರು. ನಾವಿಬ್ಬರೂ ಹೋಗಿ ನಿಂತು ತಿಂದೆವು, ಅವರಿಗೆ ಪಾರ್ಸೆಲ್ ಕಟ್ಟಿಸಿದೆವು, ಅಲ್ಲೇ ಅರ್ಧ ತಾಸು ಹರಟೆ ಹೊಡೆದೆವು. ಅವಸರವೇನಿತ್ತು ನಮಗೆ? ಮನೆಗೆ ಬಂದು ಅತ್ತೆ ಪೊಟ್ಟಣ ಬಿಚ್ಚಿ, ಚಮಚದ ಜೊತೆ ಅವರ ಮುಂದಿಟ್ಟರು.

ಮಾವ ಒಂದು ಚಮಚ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದರು. "ಇದನ್ನ ಹೆಂಗ ತಿನ್ನೂದು?"

"ತಿನ್ರಿ," ಎಂದರು ಅತ್ತೆ. "ನಾ ನಲವತ್ತು ವರ್ಷ ತಿಂದೇನಿ."